ಕರ್ನಲ್ ಶಾಪವೂ 38 ವರ್ಷದ ಕಾಯುವಿಕೆಯೂ

ಪ್ರಶ್ನೆ: ಜಪಾನಿನ ಹಾನ್ಶಿನ್ ಟೈಗರ್ಸ್ ಬೇಸ್‌ಬಾಲ್ ತಂಡದ ಅಭಿಮಾನಿಗಳು ಸೋಲುತ್ತಿದ್ದರೂ ಹಾಡುತ್ತಲೇ ಇರುತ್ತಾರಂತೆ, ನಿಜವೇ?

ಉತ್ತರ: ನಿಜ. ಒಸಾಕಾ ಮತ್ತು ಕೋಬೆ ನಡುವಿನ ನಿಶಿನೊಮಿಯಾದಲ್ಲಿ 1924ರಲ್ಲಿ ಕಟ್ಟಿದ ಕೋಶಿಯೆನ್ ಕ್ರೀಡಾಂಗಣ ಈ ತಂಡದ ತವರು. ಅಲ್ಲಿನ ಗ್ಯಾಲರಿಯಲ್ಲಿ ಹಳದಿ-ಕಪ್ಪು ತೊಟ್ಟವರು ಟ್ರಂಪೆಟ್, ಡೋಲು ಹಿಡಿದು ಸೇರುತ್ತಾರೆ. ಮುಖ್ಯ ಬ್ಯಾಟರ್‌ಗಳಿಗೆಲ್ಲ ಅವರವರದೇ ಪುಟ್ಟ ಹಾಡು. ಆಟಗಾರ ಬ್ಯಾಟ್ ಹಿಡಿದು ನಿಂತಷ್ಟು ಹೊತ್ತೂ ಅದನ್ನೇ ಹಾಡುತ್ತಾ, ಪುಟಾಣಿ ಪ್ಲಾಸ್ಟಿಕ್ ಬ್ಯಾಟುಗಳನ್ನು ಬಡಿದು ತಾಳ ಹಾಕುತ್ತಾರೆ. ಎದುರಾಳಿಗಳ ಬ್ಯಾಟಿಂಗ್ ಬಂದಾಗ ಮಾತ್ರ ಸುಮ್ಮನಾಗುತ್ತಾರೆ. ಆಗ ಹಾಡುವ ಸರದಿ ಆ ತಂಡದ ಅಭಿಮಾನಿಗಳದು. ಈ ಮರ್ಯಾದೆ ನನಗೆ ಬಹಳ ಇಷ್ಟ.

ಟೈಗರ್ಸ್ ಅಭಿಮಾನಿಗಳ ತಾಳ್ಮೆಯಂತೂ ಇನ್ನೂ ದೊಡ್ಡದು. ದೇಶದ ಚಾಂಪಿಯನ್ ಯಾರೆಂದು ನಿರ್ಧರಿಸುವ ಜಪಾನ್ ಸೀರೀಸನ್ನು ತಂಡ ಮೊದಲ ಸಲ ಗೆದ್ದದ್ದು 1985ರಲ್ಲಿ. ಆ ವರ್ಷ ಲೀಗ್ ಗೆದ್ದ ಸಂಭ್ರಮದಲ್ಲಿ, ತಂಡದ ಗಡ್ಡಧಾರಿ ಅಮೆರಿಕನ್ ಆಟಗಾರ ರ‍್ಯಾಂಡಿ ಬಾಸ್‌ನ ಹೋಲಿಕೆ ಕಂಡು, ಅಭಿಮಾನಿಗಳು ಕೆಎಫ್‌ಸಿ ಅಂಗಡಿಯ ಕರ್ನಲ್ ಸ್ಯಾಂಡರ್ಸ್ ಪ್ರತಿಮೆಯನ್ನು ಹೊತ್ತೊಯ್ದು ಒಸಾಕಾದ ದೋತೊಂಬೋರಿ ಕಾಲುವೆಗೆ ಎಸೆದರು. ಆಮೇಲೆ ಸೋಲಿನ ಮೇಲೆ ಸೋಲು ಬಂದಾಗ ಕರ್ನಲ್ ಶಾಪ ತಟ್ಟಿತೆಂದರು. 2009ರಲ್ಲಿ ಪ್ರತಿಮೆ ಕೆಸರಿನಿಂದ ತುಂಡುತುಂಡಾಗಿ ಮೇಲೆ ಬಂತು, ಕನ್ನಡಕವೂ ಎಡಗೈಯೂ ಇಲ್ಲದೆ. ಕಪ್ ಮತ್ತೆ ಕೈಗೆ ಬಂದದ್ದು 2023ರಲ್ಲಿ, ಒರಿಕ್ಸ್ ಬಫಲೋಸ್ ವಿರುದ್ಧದ ಏಳನೆಯ ಪಂದ್ಯದಲ್ಲಿ. ಅಷ್ಟರಲ್ಲಿ ಒಂದೂ ಜಪಾನ್ ಸೀರೀಸ್ ಗೆಲುವನ್ನು ಕಾಣದೆ ಒಂದು ತಲೆಮಾರು ಬೆಳೆದುನಿಂತಿತ್ತು. ಅವರಿಗೂ ಹಾಡುಗಳೆಲ್ಲ ಬಾಯಿಪಾಠವಾಗಿದ್ದವು.