360 ಮಿಲಿಗ್ರಾಂ, 170 ಕೋಟಿ ಬಡಿತ

ಕನಕಪುರದ ಕಡೆಯ ಕೋಡಿಹಳ್ಳಿ ಹೋಬಳಿಯಲ್ಲಿ ರೇಷ್ಮೆ ಹುಳು ಸಾಕುವ ಒಬ್ಬ ಹೆಣ್ಣುಮಗಳನ್ನು ಬರೀ ಲೆಕ್ಕಕ್ಕಾಗಿ ಕಲ್ಪಿಸಿಕೊಳ್ಳಿ. ವಯಸ್ಸು 45, ಎತ್ತರ 150 ಸೆಂಟಿಮೀಟರ್, ತೂಕ 55 ಕಿಲೋ. ಸ್ತನ ಕ್ಯಾನ್ಸರಿಗೆ ಬೆಂಗಳೂರಿನಲ್ಲಿ ಕೀಮೋ ಶುರುವಾಗಿದೆ. ಸಿರಿಂಜಿನಲ್ಲಿರುವ ಕೆಂಪು ಔಷಧಿ ಡಾಕ್ಸೋರುಬಿಸಿನ್. ಅದನ್ನು ಕೊಡುವುದು ಮೈಯ ಹೊರಮೈ ವಿಸ್ತೀರ್ಣ ನೋಡಿ. ಈಕೆಯದು ಒಂದೂವರೆ ಚದರ ಮೀಟರ್. ಚದರ ಮೀಟರಿಗೆ 60 ಮಿಲಿಗ್ರಾಂನಂತೆ ಒಂದು ಸಲಕ್ಕೆ 90, ನಾಲ್ಕು ಸಲಕ್ಕೆ 360 ಮಿಲಿಗ್ರಾಂ.

ಜ್ವರಕ್ಕೆ ನುಂಗುವ 650ರ ಪ್ಯಾರಾಸಿಟಮಾಲ್ ಮಾತ್ರೆಯನ್ನು ಎರಡು ಹೋಳು ಮಾಡಿದರೆ ಒಂದು ಹೋಳು ಹೆಚ್ಚುಕಡಿಮೆ ಇಷ್ಟೇ ಭಾರ. ಚದರ ಮೀಟರಿಗೆ 550 ಮಿಲಿಗ್ರಾಂ ಎಂಬುದು ಬಹುಕಾಲ ಆಜೀವ ಮಿತಿಯೆನಿಸಿತ್ತು. ಆ ಲೆಕ್ಕದಲ್ಲೂ ಈಕೆಗೆ ಇಡೀ ಬದುಕಿಗೆ ಸಲ್ಲುವುದು 825 ಮಿಲಿಗ್ರಾಂ, ಅಂದರೆ ಒಂದೂಕಾಲು ಮಾತ್ರೆ. ಅದಕ್ಕಿಂತ ಹೆಚ್ಚು ಕೊಡಲು ವೈದ್ಯರು ಹಿಂಜರಿಯುವುದು ಕ್ಯಾನ್ಸರಿಗೆ ಹೆದರಿ ಅಲ್ಲ, ಹೃದಯಕ್ಕೆ ಹೆದರಿ.

ಆ ಹೃದಯದ ಲೆಕ್ಕವನ್ನೂ ನೋಡಿ. ನಿಮಿಷಕ್ಕೆ 72 ಸಲದಂತೆ ದಿನಕ್ಕೆ 1,03,680 ಬಡಿತ, ವರ್ಷಕ್ಕೆ 3 ಕೋಟಿ 78 ಲಕ್ಷ. 45 ವರ್ಷ ತುಂಬುವ ಹೊತ್ತಿಗೆ 170 ಕೋಟಿ. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ಹೊರಹೋಗುತ್ತದೆ, ದಿನಕ್ಕೆ 7,000 ಲೀಟರಿಗೂ ಮಿಕ್ಕು. ಈ ದುಡಿಮೆಗೆ ಹೃದಯ ದಿನವೊಂದಕ್ಕೆ ಸುಮಾರು 6 ಕಿಲೋ ಎಟಿಪಿ ಎಂಬ ಶಕ್ತಿಕಣಗಳನ್ನು ಮಾಡಿ, ಮುರಿದು, ಮತ್ತೆ ಮಾಡುತ್ತದೆ. ಹೃದಯದ ತೂಕವೋ, 300 ಗ್ರಾಂ ಆಸುಪಾಸು.

ಇಷ್ಟು ದುಡಿಯುವ ಅಂಗಕ್ಕೆ ಬದಲಿ ಆಳುಗಳೇ ಇಲ್ಲ. ಚರ್ಮ, ರಕ್ತ, ಕರುಳಿನ ಒಳಪದರ ಇವೆಲ್ಲ ಹೊಸ ಕೋಶಗಳನ್ನು ಹುಟ್ಟಿಸಿಕೊಳ್ಳುತ್ತಲೇ ಇರುತ್ತವೆ. ಕೀಮೋದಲ್ಲಿ ಉದುರಿದ ಕೂದಲು ಮತ್ತೆ ಬರುವುದೂ ಹಾಗೆಯೇ. ಹೃದಯದ ಸ್ನಾಯುಕೋಶಗಳ ಮಾತು ಬೇರೆ. 2009ರಲ್ಲಿ ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯವರು ಇದನ್ನು ಅಳೆದ ಬಗೆಯೇ ವಿಚಿತ್ರ. ಶೀತಲ ಸಮರದ ಕಾಲದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಇಂಗಾಲ-14, ಊಟದ ಮೂಲಕ ಮನುಷ್ಯರ ಡಿಎನ್ಎ ಸೇರಿತ್ತು. ಅದರ ಪ್ರಮಾಣ ನೋಡಿ ಯಾವ ಕೋಶ ಯಾವ ಕಾಲದಲ್ಲಿ ಹುಟ್ಟಿದ್ದೆಂದು ಹೇಳಿದರು. (ಬಾಂಬುಗಳಿಂದ ಹೃದಯಕ್ಕೆ ಆದ ಉಪಕಾರ ಇದೊಂದೇ ಇರಬೇಕು.) 25ರ ವಯಸ್ಸಿನಲ್ಲಿ ವರ್ಷಕ್ಕೆ ಶೇ. 1ರಷ್ಟು ಕೋಶಗಳು ಹೊಸದಾಗುತ್ತವೆ, 75ರಲ್ಲಿ ಶೇ. 0.45ರಷ್ಟು. ಹುಟ್ಟುವಾಗ ತಂದ ಕೋಶಗಳಲ್ಲಿ ಅರ್ಧಕ್ಕೂ ಹೆಚ್ಚು ಕೊನೆಯತನಕ ಅವೇ.

ಡಾಕ್ಸೋರುಬಿಸಿನ್ ಮಣ್ಣಿನ ಕೂಸು. ದಕ್ಷಿಣ ಇಟಲಿಯ ಕಾಸ್ತೆಲ್ ದೆಲ್ ಮೊಂತೆ ಕೋಟೆಯ ಬಳಿಯ ಮಣ್ಣಿನಲ್ಲಿ 1950ರ ದಶಕದಲ್ಲಿ ಸಿಕ್ಕ ಸ್ಟ್ರೆಪ್ಟೊಮೈಸಿಸ್ ಕುಲದ ಸೂಕ್ಷ್ಮಜೀವಿಯಿಂದ ಇದರ ವಂಶ ಶುರು. ಮೊದಲ ಮಳೆ ಬಿದ್ದಾಗ ಕನಕಪುರದ ಹೊಲಗಳಿಂದ ಏಳುವ ಘಮಕ್ಕೂ ಅದೇ ಕುಲದ ಜೀವಿಗಳು ಕಾರಣ. ಕ್ಯಾನ್ಸರ್ ಕೋಶದಲ್ಲಿ ಡಿಎನ್ಎಯ ಗಂಟು ಬಿಡಿಸುವ ಒಂದು ಕಿಣ್ವವನ್ನು ಔಷಧಿ ಹಿಡಿದು ನಿಲ್ಲಿಸುತ್ತದೆ. ಹೃದಯದ ಕೋಶದಲ್ಲೂ ಆ ಕಿಣ್ವದ ಒಡಹುಟ್ಟು ಇದೆ. ಔಷಧಿ ಅದನ್ನೂ ಬಿಡುವುದಿಲ್ಲ.

ಪ್ರಮಾಣ ಏರಿದಂತೆ ಆಗುವುದೇನು ಎಂಬುದನ್ನು 2003ರಲ್ಲಿ ಬಂದ ಒಂದು ವಿಶ್ಲೇಷಣೆ ಹೇಳುತ್ತದೆ. ಚದರ ಮೀಟರಿಗೆ ಒಟ್ಟು 400 ಮಿಲಿಗ್ರಾಂ ತಲುಪಿದವರಲ್ಲಿ ಹೃದಯ ವೈಫಲ್ಯ ಶೇ. 5, 550ಕ್ಕೆ ಶೇ. 26, 700ಕ್ಕೆ ಶೇ. 48. ನಮ್ಮ ಲೆಕ್ಕದ ಹೆಣ್ಣುಮಗಳು ನಿಂತದ್ದು 240ರಲ್ಲಿ, ಅಪಾಯ ಕಡಿಮೆ ಇರುವ ಕಡೆ. ಈ ಅಂಕಿ ಓದಿ ಯಾರಾದರೂ ಕೀಮೋ ಬೇಡವೆಂದರೆ ಅದಕ್ಕಿಂತ ದೊಡ್ಡ ಅನಾಹುತ ಇಲ್ಲ. ಅಪಾಯ ಕಡಿಮೆ ಎಂದರೆ ಇಲ್ಲವೆಂದಲ್ಲ, ಅಷ್ಟೆ.

ಅವಳ ಹೃದಯದ ಎಡಕೋಣೆ 120 ಮಿಲಿಲೀಟರ್ ತುಂಬಿಕೊಂಡು 70 ಹೊರಗೆ ತಳ್ಳುತ್ತದೆ ಎನ್ನೋಣ, ಅಂದರೆ ಶೇ. 58. ಎಕೋ (ಹೃದಯದ ಸ್ಕ್ಯಾನ್) ವರದಿಯಲ್ಲಿ ಇಎಫ್ ಎಂದು ಬರೆಯುವುದು ಇದನ್ನೇ. ಕೀಮೋ ಆದ ಮೇಲೆ ಅದು 48ಕ್ಕೆ ಇಳಿಯಿತು. ಇಳಿದದ್ದು ಬಡಿತಕ್ಕೆ 12 ಮಿಲಿಲೀಟರ್ ಮಾತ್ರ. ದಿನದ 1,03,680 ಬಡಿತಕ್ಕೆ ಗುಣಿಸಿ: 1,244 ಲೀಟರ್ ಖೋತಾ. ಇಷ್ಟು ಕಡಿಮೆಯಾದರೂ ಅವಳಿಗೆ ಏನೂ ಗೊತ್ತಾಗದೇ ಇರಬಹುದು. ಹೃದಯ ತುಸು ಹಿಗ್ಗಿ, ತುಸು ಜೋರಾಗಿ ಬಡಿದು ಖೋತಾ ಮುಚ್ಚಿಹಾಕುತ್ತದೆ. ಮನೆಯಲ್ಲಿ ಕೂತಿದ್ದರೆ ಸುಮ್ಮನಿರುತ್ತದೆ. ಹುಳು ನಾಲ್ಕನೇ ಜ್ವರದಿಂದ (ಪೊರೆ ಕಳಚುವ ಹಂತ) ಎದ್ದು, ಒಟ್ಟು ಸೊಪ್ಪಿನಲ್ಲಿ ಮುಕ್ಕಾಲಿಗೂ ಹೆಚ್ಚನ್ನು ತಿನ್ನತೊಡಗುವ ಆ ಕೊನೆಯ ವಾರದಲ್ಲಿ, ಹಿಪ್ಪುನೇರಳೆ ಹೊರೆ ಹೊತ್ತು ಬರುವಾಗ ಏದುಸಿರು ಬರುತ್ತದೆ. 'ಕೀಮೋ ಸುಸ್ತು, ಹೋಗ್ತದೆ ಬಿಡವ್ವ' ಅನ್ನುತ್ತಾರೆ. ಬಹಳ ಸಲ ಅದು ನಿಜವೂ ಹೌದು, ಅದಕ್ಕೇ ಮೋಸ ಹೋಗುವುದು.

ಮಿಲಾನಿನ ದಾನಿಯೆಲಾ ಕಾರ್ದಿನಾಲೆ ಮತ್ತು ಸಂಗಡಿಗರು ಈ ಬಗೆಯ ಔಷಧಿ ಪಡೆದ 2,625 ಮಂದಿಯನ್ನು ವರ್ಷಗಟ್ಟಲೆ ಎಕೋ ಮಾಡಿ ಹಿಂಬಾಲಿಸಿದರು. 226 ಮಂದಿಯ ಹೃದಯ ಸೋತಿತ್ತು, ಶೇ. 9. ಅವರಲ್ಲಿ ಶೇ. 98 ಮಂದಿಗೆ ಸೋತದ್ದು ಮೊದಲ ವರ್ಷದೊಳಗೇ. ಕೂಡಲೇ ಮಾತ್ರೆ ಶುರುಮಾಡಿದ್ದರಿಂದ ಶೇ. 82 ಮಂದಿಯ ಹೃದಯ ಪೂರ್ತಿಯಾಗಿಯೋ ಅರೆಬರೆಯಾಗಿಯೋ ಚೇತರಿಸಿತು. ಅದೇ ಗುಂಪಿನ 2010ರ ಅಧ್ಯಯನ ಇನ್ನೂ ನಿಷ್ಠುರ. ಕೀಮೋ ಮುಗಿದ ಎರಡು ತಿಂಗಳೊಳಗೆ ಹೃದಯದ ಚಿಕಿತ್ಸೆ ಸಿಕ್ಕವರಲ್ಲಿ ಶೇ. 64 ಮಂದಿ ಪೂರ್ತಿ ಸರಿಹೋದರು. ಆರು ತಿಂಗಳು ದಾಟಿದ ಮೇಲೆ ಚಿಕಿತ್ಸೆ ಸಿಕ್ಕವರಲ್ಲಿ ಪೂರ್ತಿ ಸರಿಹೋದವರು ಒಬ್ಬರೂ ಇಲ್ಲ. ಈ ನಾಲ್ಕು ತಿಂಗಳ ಅಂತರವೆಂದರೆ ಸುಮಾರು ಒಂದೂಕಾಲು ಕೋಟಿ ಬಡಿತ. ಮಾತ್ರೆಗಳೂ ಅಪರೂಪದವಲ್ಲ, ಎನಾಲಾಪ್ರಿಲ್, ಕಾರ್ವೆಡಿಲಾಲ್: ಬಿ.ಪಿ. ಇರುವವರ ಮನೆಗಳಲ್ಲಿ ಹೆಸರು ಕೇಳಿರುವಂಥವೇ.

ಕರೆಂಟ್ ಕೊಡುವುದು ಎಂದು ಜನ ಹೇಳುವ ವಿಕಿರಣ ಚಿಕಿತ್ಸೆಯದು ಇನ್ನೂ ಉದ್ದದ ಲೆಕ್ಕ. ಸ್ವೀಡನ್, ಡೆನ್ಮಾರ್ಕಿನ 2,168 ಹೆಂಗಸರ ದಾಖಲೆ ತೆಗೆದು ನೋಡಿದಾಗ, ಹೃದಯಕ್ಕೆ ತಗುಲಿದ ವಿಕಿರಣ ಒಂದು ಗ್ರೇ ಹೆಚ್ಚಾದರೆ ಹೃದಯಾಘಾತದಂಥ ಅಪಾಯ ಶೇ. 7.4 ಹೆಚ್ಚಿತ್ತು. ಐದು ವರ್ಷದೊಳಗೇ ಶುರುವಾಗಿ, ಇಪ್ಪತ್ತು ವರ್ಷ ಕಳೆದರೂ ನಿಂತಿರಲಿಲ್ಲ. ಎಡಸ್ತನಕ್ಕೆ ಚಿಕಿತ್ಸೆಯಾದವರ ಹೃದಯಕ್ಕೆ ಸರಾಸರಿ 6.6 ಗ್ರೇ, ಬಲಸ್ತನದವರಿಗೆ 2.9. ಅವು ಹಳೆಯ ಯಂತ್ರಗಳ ಕಾಲದ ಅಂಕಿಗಳು. ಈಗ ಎಷ್ಟೋ ಕಡೆ ಉಸಿರು ಒಳಗೆಳೆದು ಬಿಗಿಹಿಡಿಯಲು ಹೇಳುತ್ತಾರೆ. ಶ್ವಾಸಕೋಶ ಉಬ್ಬಿ ಹೃದಯ ಎದೆಗೂಡಿನಿಂದ ಹಿಂದೆ ಸರಿಯುತ್ತದೆ. ಅದಕ್ಕೆ ಬೇಕಾದದ್ದು ಕೆಲವೇ ಸೆಕೆಂಡುಗಳ ದಮ್ಮು.

ಅಮೆರಿಕದಲ್ಲಿ 1973ರಿಂದ 2012ರವರೆಗೆ ಕ್ಯಾನ್ಸರ್ ಬಂದ 32 ಲಕ್ಷ ಮಂದಿಯಲ್ಲಿ ಶೇ. 38 ಮಂದಿ ಕ್ಯಾನ್ಸರಿನಿಂದಲೇ ತೀರಿಕೊಂಡರೆ, ಶೇ. 11.3 ಮಂದಿ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ. ಭಾರತದಲ್ಲಿ 2022ರೊಂದೇ ವರ್ಷ 14,61,427 ಹೊಸ ಕ್ಯಾನ್ಸರ್ ಪ್ರಕರಣಗಳ ಅಂದಾಜಿತ್ತು. ಅವರಲ್ಲಿ ಬದುಕುವವರು ಹೆಚ್ಚಿದಷ್ಟೂ ಈ ಎರಡನೇ ಲೆಕ್ಕವೂ ಬೆಳೆಯುತ್ತದೆ.

ಬೆಂಗಳೂರಿನಲ್ಲಿ ಕ್ಯಾನ್ಸರಿನ ಕಿದ್ವಾಯಿಗೂ ಹೃದಯದ ಜಯದೇವಕ್ಕೂ ನಡುವೆ ಕೆಲವೇ ಕಿಲೋಮೀಟರ್. ಕೋಡಿಹಳ್ಳಿಯ ಮತದಾರರೂ ಸೇರಿದ ಬೆಂಗಳೂರು ಗ್ರಾಮಾಂತರ ಕ್ಷೇತ್ರ 2024ರಲ್ಲಿ ಲೋಕಸಭೆಗೆ ಕಳಿಸಿದ್ದೇ ಜಯದೇವದ ನಿರ್ದೇಶಕರಾಗಿದ್ದ ಹೃದಯ ವೈದ್ಯ ಸಿ.ಎನ್. ಮಂಜುನಾಥರನ್ನು. ಆದರೆ ಊರಿನಿಂದ ಕನಕಪುರ, ಅಲ್ಲಿಂದ ಬೆಂಗಳೂರಿಗೆ ಮತ್ತೆ 55 ಕಿಲೋಮೀಟರ್. ಕೀಮೋ ಮುಗಿದ ಮೇಲೆ ಎದೆನೋವಿಲ್ಲದವಳು ಒಂದು ಎಕೋಗಾಗಿ, ಹುಳುವಿಗೆ ಸೊಪ್ಪು ಹಾಕುವುದು ಬಿಟ್ಟು ಅಷ್ಟು ದೂರ ಹೋಗಬೇಕೆಂದರೆ ಯಾರಾದರೂ ಒತ್ತಿ ಹೇಳಿರಬೇಕು.

ಮಕ್ಕಳದ್ದು ಇದಕ್ಕಿಂತ ಕಷ್ಟ. ಅಮೆರಿಕ-ಕೆನಡಾದಲ್ಲಿ ಬಾಲ್ಯದ ಕ್ಯಾನ್ಸರ್ ಗೆದ್ದ 10,397 ಮಂದಿಯನ್ನು ಅವರಂಥವರ ಒಡಹುಟ್ಟಿದವರೊಂದಿಗೆ ಹೋಲಿಸಿದಾಗ ಹೃದಯ ವೈಫಲ್ಯದ ಅಪಾಯ 15 ಪಟ್ಟು ಕಂಡಿತು. ಎಂಟರ ವಯಸ್ಸಿನಲ್ಲಿ ಗೆದ್ದ ಮಗು 38 ಆಗುವಾಗ ನೂರು ಕೋಟಿಗೂ ಹೆಚ್ಚು ಸಲ ಹೃದಯ ಬಡಿದಿರುತ್ತದೆ. ಅಪ್ಪ ಅಮ್ಮ ಜೋಪಾನ ಮಾಡಿದ ಫೈಲು ಅಷ್ಟರೊಳಗೆ ಎರಡು ಮನೆ ಬದಲಾಯಿಸಿ ಎಲ್ಲೋ ಕಳೆದಿರುತ್ತದೆ. ಅಂದು ತಾಲ್ಲೂಕು ಆಸ್ಪತ್ರೆಯಲ್ಲಿ ಏದುಸಿರೆಂದು ಬಂದವನನ್ನು ನೋಡುವ ವೈದ್ಯರಿಗೆ ಬೇಕಾಗುವುದು ಒಂದೇ ಹಾಳೆ: ಯಾವ ಔಷಧಿ, ಚದರ ಮೀಟರಿಗೆ ಒಟ್ಟು ಎಷ್ಟು ಮಿಲಿಗ್ರಾಂ, ಎದೆಗೆ ಎಷ್ಟು ಗ್ರೇ, ಕೊನೆಯ ಎಕೋದಲ್ಲಿ ಇಎಫ್ ಎಷ್ಟು. ಅಷ್ಟನ್ನು ಫೋನಿನಲ್ಲೊಂದು ಫೋಟೊ ತೆಗೆದಿಟ್ಟರೂ ನಡೆಯುತ್ತದೆ.