ಶ್ವಾಸಮಾರ್ಗದ ಜೀರ್ಣೋದ್ಧಾರ

ಉಸಿರನ್ನು ಕುರಿತು ನಮ್ಮ ಯೋಗಶಾಸ್ತ್ರಗಳು ವಿಪುಲವಾಗಿ ಹೇಳಿವೆ. ಆದರೆ ಆ ಉಸಿರು ನಡೆದುಬರುವ ದಾರಿಯ ಕಡೆಗೆ ಗೃಹಸ್ಥರ ಗಮನ ಹರಿಯುವುದು ಕೆಮ್ಮು ಹತ್ತಿದಾಗ ಮಾತ್ರ. ವಯಸ್ಕನೊಬ್ಬನು ದಿನವೊಂದಕ್ಕೆ ಸುಮಾರು ೨೦,೦೦೦ ಬಾರಿ ಉಸಿರಾಡುತ್ತಾನೆ. ಗಾಳಿಯೊಡನೆ ಧೂಳು, ಹೊಗೆ, ರೋಗಾಣುಗಳೂ ಒಳಹೊಕ್ಕು ಶ್ವಾಸನಾಳದ ಒಳಮೈಯನ್ನು ಅಲ್ಲಲ್ಲಿ ಕೆಡಿಸುತ್ತವೆ. ಹೀಗಿದ್ದೂ ಎಂಬತ್ತು ದಾಟಿದ ಹಿರಿಯರು ಸುಖವಾಗಿ ಉಸಿರಾಡುತ್ತಿರುವುದನ್ನು ಕಾಣುತ್ತೇವೆ. ಒಳಗೆ ಸದ್ದಿಲ್ಲದೆ ಜೀರ್ಣೋದ್ಧಾರ ನಡೆದಿರಲೇಬೇಕಷ್ಟೆ.

ಶ್ವಾಸನಾಳದ ಒಳಮೈಗೆ ಜೀವಕೋಶಗಳ ಹಾಸೊಂದಿದೆ. ಒಂದು ಕೋಶ ಮತ್ತೊಂದಕ್ಕೆ ಬಿಗಿಯಾದ ಬೆಸುಗೆಯಿಂದ ಅಂಟಿಕೊಂಡಿದೆ. ಅನೇಕ ಕೋಶಗಳ ನೆತ್ತಿಯ ಮೇಲೆ ಸೂಕ್ಷ್ಮ ರೋಮಗಳಿದ್ದು, ಸೆಕೆಂಡಿಗೆ ಸುಮಾರು ೧೦ ಬಾರಿ ಬೀಸಿ, ಕಸವನ್ನು ಕಫದೊಡನೆ ಗಂಟಲಿನ ಕಡೆಗೆ ತಳ್ಳುತ್ತವೆ. ಅವುಗಳ ಸುತ್ತ ಇರುವ ದ್ರವದ ಆಳ ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟೂ ಇಲ್ಲ. ನೋಡುವವರಿಗೆ ಅದು ಬರಿಯ ತೇವ. ಆದರೆ ಅದರಲ್ಲಿ ‘ವೃದ್ಧಿಕಾರಕ’ಗಳೆಂಬ ಪ್ರೋಟೀನುಗಳು ಬೆರೆತಿವೆ.

ಇಂಥ ವಸ್ತುಗಳನ್ನು ಬೆಳಕಿಗೆ ತಂದ ಕೀರ್ತಿ ಇಟಲಿಯ ವಿದುಷಿ ರೀಟಾ ಲೇವಿ-ಮೊಂಟಾಲ್ಚಿನಿ ಹಾಗೂ ಅಮೆರಿಕದ ಸ್ಟ್ಯಾನ್ಲಿ ಕೋಹೆನ್ ಅವರದು. ಕೋಹೆನ್ನರು ಇಲಿಯ ಲಾಲಾಗ್ರಂಥಿಯ ಸಾರವನ್ನು ಎಳೆಯ ಇಲಿಮರಿಗಳಿಗೆ ಚುಚ್ಚಿದಾಗ, ಅವು ಕಾಲಕ್ಕೆ ಮೊದಲೇ ಕಣ್ಣು ತೆರೆದವು. ಮೇಲ್ಪದರದ ಕೋಶಗಳನ್ನು ಬೆಳೆಸುವ ವಸ್ತು ಜೊಲ್ಲಿನ ಗ್ರಂಥಿಯಲ್ಲಿತ್ತು! ೧೯೮೬ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಸಂದಿತು.

ಶ್ವಾಸಮಾರ್ಗದ ಸಂಗತಿಯಾದರೋ ಇನ್ನೂ ವಿಸ್ಮಯಕರವಾದುದು. ಅದನ್ನು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ೨೦೦೩ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೆರೆಗ್ಯುಲಿನ್ ಎಂಬ ವೃದ್ಧಿಕಾರಕವು ಕೋಶಗಳ ಮೇಲಣ ದ್ರವದಲ್ಲಿ ಸದಾ ಸಿದ್ಧವಾಗಿರುತ್ತದೆ. ಅದರ ಸಂದೇಶವನ್ನು ಸ್ವೀಕರಿಸಬೇಕಾದ ಗ್ರಾಹಕಗಳು ಅವೇ ಕೋಶಗಳ ಪಕ್ಕ ಮತ್ತು ತಳದಲ್ಲಿವೆ. ನಡುವೆ ಆ ಬಿಗಿ ಬೆಸುಗೆ. ಮದ್ದು ಅಟ್ಟದ ಮೇಲೆ, ಅದನ್ನು ಬಳಸಬಲ್ಲವನು ನೆಲಮಾಳಿಗೆಯಲ್ಲಿ. ಹಾಸು ಅಖಂಡವಾಗಿರುವವರೆಗೆ ಪರಸ್ಪರ ಭೇಟಿಯಿಲ್ಲ. ಬೆಸುಗೆ ಹರಿದರೆ ದ್ರವವು ಕೆಳಗಿಳಿದು ಗ್ರಾಹಕವನ್ನು ಮುಟ್ಟುತ್ತದೆ. ಬೇರೆ ದೂತನ ಅಗತ್ಯವಿಲ್ಲ, ಬಿರುಕೇ ಕರೆಯುತ್ತದೆ. ನೆರೆಯ ಕೋಶಗಳು ಚಪ್ಪಟೆಯಾಗಿ ತೆವಳಿ ಬಂದು ಗಾಯವನ್ನು ಮುಚ್ಚುತ್ತವೆ. ತಳದ ಕೋಶಗಳು ಒಡೆದು ಹೊಸವನ್ನು ಕೊಡುತ್ತವೆ. ಕಾಲಕ್ರಮದಲ್ಲಿ ರೋಮಗಳೂ ಮೂಡುತ್ತವೆ. ಹಾಸು ಕೂಡಿಕೊಂಡಾಗ ಮದ್ದೂ ಗ್ರಾಹಕವೂ ಮತ್ತೆ ಅಗಲುತ್ತವೆ; ಕೆಲಸ ತಾನಾಗಿ ನಿಲ್ಲುತ್ತದೆ. ಪ್ರಾರಂಭಕ್ಕಿಂತ ಈ ನಿಲುಗಡೆಯೇ ನಮಗೆ ಹೆಚ್ಚಿನದಾಗಿ ತೋರುತ್ತದೆ.

(ನಮ್ಮ ಪೂರ್ವಿಕರು ಇದನ್ನೆಲ್ಲ ಮೊದಲೇ ಬಲ್ಲವರಾಗಿದ್ದರೆಂದು ಸಾಧಿಸುವ ಚಪಲ ನಮಗಿಲ್ಲ. ಪ್ರಯೋಗದಿಂದ ಕಂಡವರಿಗೆ ಅದರ ಗೌರವ ಸಲ್ಲಬೇಕು.)

ನಿಲ್ಲದೇ ಹೋದರೆ ಏನು ಗತಿ? ಬೀಡಿ, ಸಿಗರೇಟಿನ ಹೊಗೆ ಬೆಸುಗೆಗಳನ್ನು ಸಡಿಲಿಸುತ್ತದೆ, ರೋಮಗಳನ್ನು ಕುಂದಿಸುತ್ತದೆ. ದಿನದಿನವೂ ಹೊಸ ಬಿರುಕು ಬಿದ್ದರೆ ಜೀರ್ಣೋದ್ಧಾರಕ್ಕೆ ವಿರಾಮವೇ ಇಲ್ಲ. ರೋಮವುಳ್ಳ ಕೋಶಗಳ ಎಡೆಯಲ್ಲಿ ಚರ್ಮದಂಥ ಚಪ್ಪಟೆ ಕೋಶಗಳು ಬರುತ್ತವೆ, ಲೋಳೆ ಹೆಚ್ಚುತ್ತದೆ. ಬಹುಕಾಲದ ಆಸ್ತಮಾದಲ್ಲಿಯೂ ನಾಳದ ಗೋಡೆ ದಪ್ಪಗಾಗಿ ದಾರಿ ಕಿರಿದಾಗುವುದುಂಟು. ಮೇಲೆ ಹೇಳಿದ ಗ್ರಾಹಕಗಳಲ್ಲೊಂದಾದ ಹರ್-೨ ಕೆಲವು ಸ್ತನ ಕ್ಯಾನ್ಸರುಗಳಲ್ಲಿ ಮಿತಿಮೀರಿರುತ್ತದೆ. ಅದನ್ನು ತಡೆಯುವ ಟ್ರಾಸ್ಟುಜುಮ್ಯಾಬ್ ಔಷಧಕ್ಕೆ ೧೯೯೮ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ವೃದ್ಧಿ ಎಂದೊಡನೆ ಹಿತವೆಂದೇ ಭಾವಿಸಿ, ಇದನ್ನು ಟಾನಿಕ್ಕಿನಂತೆ ಬಯಸುವವರು ಇದನ್ನು ಗಮನಿಸಬೇಕು.

ಸೌದೆಯ ಒಲೆಯ ಮಾತನ್ನೂ ಇಲ್ಲಿಯೇ ಆಡಬೇಕು. ಒಂದು ಬೀಡಿಯನ್ನೂ ಸೇದದ ತಾಯಂದಿರು ವರ್ಷಾನುಗಟ್ಟಲೆ ಒಲೆಯೂದಿ ಅದೇ ಶ್ವಾಸರೋಗಕ್ಕೆ ತುತ್ತಾಗುತ್ತಾರೆ. ದಾಸೋಹದ ಅಡಿಗೆಮನೆಗಳಲ್ಲಿ ಹೊಗೆ ಹೋಗಲು ದಾರಿಯಿದೆಯೇ ಎಂದು ವ್ಯವಸ್ಥಾಪಕರು ಒಮ್ಮೆ ನೋಡುವುದೊಳಿತು.

ಧೂಮಪಾನ ಬಿಟ್ಟವರಲ್ಲಿ ಕೆಲವು ತಿಂಗಳುಗಳೊಳಗೆ ರೋಮಗಳು ಚೇತರಿಸಿಕೊಳ್ಳತೊಡಗುತ್ತವೆ. ಮೊದಮೊದಲು ಕೆಮ್ಮು ಹೆಚ್ಚಬಹುದು. ಬಿಟ್ಟದ್ದರಿಂದಲೇ ಕೆಮ್ಮು ಬಂತೆಂದು ಮತ್ತೆ ಬೀಡಿ ಹಚ್ಚುವವರನ್ನು ನಾವು ಕಂಡಿದ್ದೇವೆ. ಅದು ಕಸ ಮತ್ತೆ ಮೇಲೇರುತ್ತಿರುವುದರ ಸೂಚನೆಯಾಗಿರಬಹುದು. ರಕ್ತ ಬಿದ್ದರೆ ಅಥವಾ ಏದುಸಿರು ಹೆಚ್ಚಿದರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ನಾಳದ ಹಾಸು ಹೀಗೆ ಬಹುಮಟ್ಟಿಗೆ ಸರಿಹೋಗಬಹುದಾದರೂ, ಅದರಾಚೆಯ ಗಾಳಿಚೀಲಗಳ ಗೋಡೆ ಹೊಗೆಯಿಂದ ಕರಗಿಹೋಗಿದ್ದರೆ ಅದು ಮರಳಿ ಬಾರದು.