ನರಮೇಧ ಎಂದರೇನು? ಫಾರ್ವರ್ಡ್ ನೋಡಿ ಮಕ್ಕಳು ಕೇಳಿದರೆ ಏನು ಹೇಳುವುದು?

ನವೆಂಬರ್ ಹತ್ತಿರ ಬಂದರೆ ಸಾಕು, ಟಿಪ್ಪು ಸುಲ್ತಾನನ ಬಗ್ಗೆ ಫಾರ್ವರ್ಡ್‌ಗಳು ಶುರು. ಟಿಪ್ಪು ನರಮೇಧ ನಡೆಸಿದವನು ಎಂದು ಒಂದು ಹೇಳುತ್ತದೆ, ಅದೆಲ್ಲ ಬ್ರಿಟಿಷರ ಕಟ್ಟುಕಥೆ ಎಂದು ಇನ್ನೊಂದು. ಎರಡೂ ಒಂದೇ ಫ್ಯಾಮಿಲಿ ಗ್ರೂಪಿಗೆ ಬರುತ್ತವೆ. ಅದೇ ಫೋನಿನಲ್ಲಿ ಮಕ್ಕಳು ಹೋಂವರ್ಕ್ ಕೂಡ ನೋಡುತ್ತಾರೆ. ಶ್ರೀಗಂಧದ ಕಾವಲಿನಲ್ಲಿ ನಮ್ಮ ಪಕ್ಕದ ಮನೆಯ ಒಂಬತ್ತನೇ ತರಗತಿಯ ಹುಡುಗಿ ಒಮ್ಮೆ ನನ್ನನ್ನು ಕೇಳಿದಳು: "ಎಷ್ಟು ಜನ ಸತ್ತರೆ ನರಮೇಧ ಅಂತಾರೆ ಅಕ್ಕಾ?"

ಇದಕ್ಕೆ ಉತ್ತರವಾಗಿ ಯಾವ ಸಂಖ್ಯೆಯೂ ಇಲ್ಲ. ಪತ್ರಿಕೆಗಳು ಯಾವುದೇ ದೊಡ್ಡ ಹತ್ಯೆಗೆ ನರಮೇಧ, ಮಾರಣಹೋಮ ಎಂದು ಬರೆದುಬಿಡುತ್ತವೆ. ಅಶ್ವಮೇಧದ ಹಾಗೆ ಯಜ್ಞದಿಂದ ಬಂದ ಈ ಪದಗಳು ರಕ್ತವನ್ನು ಕಣ್ಣಿಗೆ ಕಟ್ಟುತ್ತವೆ, ಆದರೆ ಯಾರನ್ನು, ಯಾಕೆ ಕೊಂದರು ಎಂದು ಹೇಳುವುದಿಲ್ಲ. 'ಜೆನೊಸೈಡ್' ಎಂಬ ಪದ ಹುಟ್ಟಿದ್ದೇ ಅದನ್ನು ಹೇಳಲು. ಪೋಲೆಂಡಿನ ಯಹೂದಿ ವಕೀಲ ರಾಫೆಲ್ ಲೆಮ್ಕಿನ್ 1944ರಲ್ಲಿ ಅದನ್ನು ಸೃಷ್ಟಿಸಿದರು. ವಿಶ್ವಸಂಸ್ಥೆ 1948ರ ಡಿಸೆಂಬರ್ 9ರಂದು ಅದರ ಮೇಲೊಂದು ಒಪ್ಪಂದ ಮಾಡಿತು. ಭಾರತವೂ 1959ರಲ್ಲಿ ಅದನ್ನು ಅನುಮೋದಿಸಿದೆ. ಒಂದು ರಾಷ್ಟ್ರೀಯ, ಜನಾಂಗೀಯ, ವರ್ಣದ ಅಥವಾ ಧಾರ್ಮಿಕ ಗುಂಪನ್ನು ಪೂರ್ತಿಯಾಗಿಯೋ ಭಾಗಶಃವೋ ನಾಶ ಮಾಡುವ ಉದ್ದೇಶ ಇದ್ದರೆ ಮಾತ್ರ ಅದು ಜೆನೊಸೈಡ್, ಅಂದರೆ ಜನಾಂಗಹತ್ಯೆ. ಆ ಉದ್ದೇಶದಿಂದ ಒಂದು ಗುಂಪಿನ ಮಕ್ಕಳನ್ನು ಬಲವಂತವಾಗಿ ಬೇರೆ ಗುಂಪಿಗೆ ಸಾಗಿಸುವುದೂ ಇದರೊಳಗೆ ಬರುತ್ತದೆ. ಅಲ್ಲಿ ಒಬ್ಬರೂ ಸಾಯಬೇಕಿಲ್ಲ.

ಜನಾಂಗೀಯ ಶುದ್ಧೀಕರಣ (ಎಥ್ನಿಕ್ ಕ್ಲೆನ್ಸಿಂಗ್) ಬೇರೆ. ಬೆದರಿಸಿ, ಹೊಡೆದು, ಮನೆ ಸುಟ್ಟು ಒಂದು ಗುಂಪನ್ನು ಒಂದು ಜಾಗದಿಂದ ಖಾಲಿ ಮಾಡಿಸುವುದಕ್ಕೆ ಹೀಗೆನ್ನುತ್ತಾರೆ. 1990ರ ದಶಕದ ಯುಗೊಸ್ಲಾವಿಯಾ ಯುದ್ಧದಲ್ಲಿ ಚಾಲ್ತಿಗೆ ಬಂದ ಈ ಪದ ಅಂತರರಾಷ್ಟ್ರೀಯ ಕಾನೂನಿನಲ್ಲಿ ಪ್ರತ್ಯೇಕ ಅಪರಾಧದ ಹೆಸರಲ್ಲ. ನನಗಂತೂ ಪದವೇ ಹಿಡಿಸುವುದಿಲ್ಲ. 'ಶುದ್ಧ' ಮಾಡಿದೆವು ಎಂದರೆ ಓಡಿಸಿದವರನ್ನು ಕೊಳಕು ಎಂದು ಒಪ್ಪಿಕೊಂಡ ಹಾಗೆ.

ಈಗ ಕರ್ನಾಟಕಕ್ಕೆ ಬರೋಣ. 1784ರಲ್ಲಿ ಎರಡನೇ ಆಂಗ್ಲೋ-ಮೈಸೂರು ಯುದ್ಧ ಮುಗಿಯುವ ಹೊತ್ತಿಗೆ, ಕರಾವಳಿಯ ಕೊಂಕಣಿ ಮಾತಾಡುವ ಕ್ಯಾಥೊಲಿಕರು ಇಂಗ್ಲಿಷರಿಗೆ ಸಹಾಯ ಮಾಡಿದರೆಂದು ಟಿಪ್ಪು ಆರೋಪಿಸಿದ. ಅವರನ್ನು ಊರೂರುಗಳಿಂದ ಹಿಡಿದು, ಆಸ್ತಿ ಮುಟ್ಟುಗೋಲು ಹಾಕಿ, ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಮಂಗಳೂರಿನ ಮಿಲಾಗ್ರಿಸ್ ಸೇರಿದಂತೆ ಹಲವು ಚರ್ಚ್‌ಗಳನ್ನು ಕೆಡವಿದರು. ದಾರಿಯಲ್ಲೂ ಸೆರೆಯಲ್ಲೂ ಬಹಳ ಜನ ಸತ್ತರು, ಅನೇಕರನ್ನು ಬಲವಂತವಾಗಿ ಮತಾಂತರಿಸಿದರು, ಯುವಕರನ್ನು ಸೈನ್ಯಕ್ಕೆ ಸೇರಿಸಿದರು. ಉಳಿದವರಿಗೆ ಬಿಡುಗಡೆ ಸಿಕ್ಕಿದ್ದು 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ, ಹದಿನೈದು ವರ್ಷಗಳ ನಂತರ. ಸೆರೆಯಾದವರು 30,000 ಎಂದು ಕೆಲವರು, 60,000 ಎಂದು ಕೆಲವರು, ಇನ್ನೂ ಹೆಚ್ಚು ಎಂದು ಮತ್ತೆ ಕೆಲವರು ಬರೆದಿದ್ದಾರೆ. ಫಾರ್ವರ್ಡ್‌ಗಳು ಕಚ್ಚಾಡುವುದು ಈ ಅಂಕಿಯ ಮೇಲೆಯೇ. ಆದರೆ ಕಡಿಮೆ ಅಂಕಿ ಹಿಡಿದರೂ ಘಟನೆ ಸುಳ್ಳಾಗುವುದಿಲ್ಲ.

ಹಾಗಾದರೆ ಇದು ಜನಾಂಗಹತ್ಯೆಯೇ? ಧರ್ಮ ನೋಡಿ ಒಂದು ಸಮುದಾಯವನ್ನೇ ನೆಲದಿಂದ ಕಿತ್ತದ್ದು ಮೇಲೆ ಹೇಳಿದ ಎರಡನೇ ವಿವರಣೆಗೆ ಬಹಳ ಹತ್ತಿರ. ನಾಶ ಮಾಡುವುದೇ ಉದ್ದೇಶವಾಗಿತ್ತೇ, ಯುದ್ಧಕಾಲದ ಶಂಕೆ ಮತ್ತು ಶಿಕ್ಷೆಯೇ ಎನ್ನುವುದು ವಾದದ ವಿಷಯ. ಇದೇ ಟಿಪ್ಪು, 1791ರಲ್ಲಿ ಮರಾಠ ಸೈನ್ಯದ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ, ಮಠಕ್ಕೆ ಪತ್ರ ಬರೆದು ನೆರವು ಕಳಿಸಿದ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವುದು ಪಾಠವಲ್ಲ, ಪ್ರಚಾರ. ಮಕ್ಕಳು ಎರಡನ್ನೂ ಒಟ್ಟಿಗೆ ಅರ್ಥ ಮಾಡಿಕೊಳ್ಳಬಲ್ಲರು. ಕಷ್ಟವಾಗುವುದು ದೊಡ್ಡವರಿಗೆ.

ಫಾರ್ವರ್ಡ್ ಮಾಡುವ ನಿಜವಾದ ಹಾನಿ ಅದರ ಕೊನೆಯ ಸಾಲಿನಲ್ಲಿರುತ್ತದೆ: "ಇವರು ಅಂದೂ ಹೀಗೇ, ಇಂದೂ ಹೀಗೇ." 1784ರ ಒಬ್ಬ ಅರಸನ ಆಜ್ಞೆಯನ್ನು ಇಂದು ನಿಮ್ಮ ಬೀದಿಯಲ್ಲಿ ಪಂಕ್ಚರ್ ಹಾಕುವವನ ಲೆಕ್ಕಕ್ಕೆ ಬರೆಯುತ್ತದೆ. ರುವಾಂಡಾದಲ್ಲಿ ಕೆಲಸ ಮಾಡಿದ್ದು ಇದೇ ಸೂತ್ರ. ಆರ್‌ಟಿಎಲ್‌ಎಂ ಎಂಬ ರೇಡಿಯೊ ತುತ್ಸಿಗಳನ್ನು ಜಿರಳೆ ಎಂದು ಕರೆಯಿತು, ಹಳೆಯ ದಬ್ಬಾಳಿಕೆಯನ್ನು ಮತ್ತೆ ಮತ್ತೆ ನೆನಪಿಸಿತು. 1994ರಲ್ಲಿ ಸುಮಾರು 100 ದಿನಗಳಲ್ಲಿ ಅಂದಾಜು 8 ಲಕ್ಷ ಜನರ ಕೊಲೆಯಾಯಿತು. ರೇಡಿಯೊ ನಡೆಸಿದವರಿಗೆ 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಶಿಕ್ಷೆ ವಿಧಿಸಿತು.

ಇದನ್ನೆಲ್ಲ ಹೇಳುವಾಗ 'ಅವರು' ಮಾಡಿದ್ದನ್ನಷ್ಟೇ ಹೇಳಿದರೆ ಮಕ್ಕಳು ಕಲಿಯುವುದು ದ್ವೇಷವನ್ನೇ. ನಮ್ಮ ಊರಿನದನ್ನೂ ಹೇಳಬೇಕು. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ 1991ರ ಡಿಸೆಂಬರ್ 11ರಂದು ಗೆಜೆಟ್‌ನಲ್ಲಿ ಪ್ರಕಟವಾಯಿತು. ಮರುದಿನದಿಂದ ಬೆಂಗಳೂರಿನಲ್ಲಿ ತಮಿಳರ ಮನೆ, ಅಂಗಡಿಗಳ ಮೇಲೆ ದಾಳಿ ನಡೆದು ಸಾವಿರಾರು ಜನ ಊರು ಬಿಟ್ಟರು. ಅದು ಜನಾಂಗಹತ್ಯೆಯಲ್ಲ. ಆದರೆ ಮಾತಾಡುವ ಭಾಷೆ ನೋಡಿ ಮನೆ ಗುರುತಿಸಿದ್ದನ್ನು ಈ ನಗರ ಕಂಡಿದೆ. ನಿಮ್ಮ ಬೀದಿಯಲ್ಲಿ ಆಗ ಇದ್ದ ಹಿರಿಯರನ್ನು ಮಕ್ಕಳಿಂದಲೇ ಕೇಳಿಸಿ.

2012ರ ಆಗಸ್ಟ್‌ನಲ್ಲಿ ಕಲ್ಲೂ ಬೇಕಾಗಲಿಲ್ಲ, ಮೆಸೇಜ್ ಸಾಕಾಯಿತು. ಅಸ್ಸಾಂನ ಕೊಕ್ರಾಜಾರ್ ಹಿಂಸೆಗೆ ಪ್ರತೀಕಾರವಾಗಿ ರಂಜಾನ್ ಮುಗಿದ ಮೇಲೆ ಈಶಾನ್ಯ ರಾಜ್ಯದವರನ್ನು ಹೊಡೆಯುತ್ತಾರೆ ಎಂಬ ವದಂತಿ ಹಬ್ಬಿ, ಸಾವಿರಾರು ಯುವಕ ಯುವತಿಯರು ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರು. ಭೂಕಂಪ, ಚಂಡಮಾರುತದಲ್ಲಿ ಸತ್ತವರ ಚಿತ್ರಗಳನ್ನು ಮುಸ್ಲಿಮರ ಹತ್ಯೆ ಎಂದು ತೋರಿಸಲಾಗುತ್ತಿದೆ ಎಂದು ಕೇಂದ್ರ ಗೃಹ ಕಾರ್ಯದರ್ಶಿ ಹೇಳಿದರು. ಸರ್ಕಾರ 15 ದಿನ ಬಲ್ಕ್ ಎಸ್‌ಎಂಎಸ್ ನಿಲ್ಲಿಸಿ, ಒಬ್ಬರಿಗೆ ದಿನಕ್ಕೆ ಐದೇ ಮೆಸೇಜ್ ಎಂಬ ಮಿತಿ ಹಾಕಿತು.

ಮಕ್ಕಳಿಗೆ ಹೆಣಗಳ ವಿಡಿಯೊ ತೋರಿಸಿ ಇತಿಹಾಸ ಕಲಿಸಲು ಹೋಗಬೇಡಿ. ಅವರು ಹೆದರುತ್ತಾರೆ, ಇಲ್ಲವೇ ಮರಗಟ್ಟುತ್ತಾರೆ. ಹತ್ತು ಹನ್ನೆರಡು ವರ್ಷದವರಿಗೆ ಒಬ್ಬ ವ್ಯಕ್ತಿಯ ಕತೆ ಸಾಕು. ಆನ್ ಫ್ರಾಂಕ್ ಡೈರಿ ಬರೆಯಲು ಶುರು ಮಾಡಿದಾಗ ಅವಳಿಗೂ 13 ವರ್ಷವೇ. ಹೈಸ್ಕೂಲಿನವರ ಜೊತೆ ಪದಗಳ ಬಗ್ಗೆ ಮಾತಾಡಬಹುದು. ಸಿಬಿಎಸ್‌ಇ 9ನೇ ತರಗತಿಯ ನಾಜಿವಾದದ ಪಾಠದಲ್ಲಿ ಕೊಲೆಗೆ 'ಅಂತಿಮ ಪರಿಹಾರ' ಎಂಬ ಸಭ್ಯ ಹೆಸರಿಟ್ಟ ವಿಷಯ ಬಂದಿತ್ತು. ಪಕ್ಕದ ಮನೆಯ ಹುಡುಗಿಗೆ ಅದು ತಟ್ಟನೆ ಅರ್ಥವಾಯಿತು.

ಮುಂದಿನ ಸಲ ಅಂಥ ಫಾರ್ವರ್ಡ್ ಬಂದಾಗ ಫೋನನ್ನು ಮಕ್ಕಳ ಕೈಗೇ ಕೊಟ್ಟು, ಚಿತ್ರವನ್ನು ಗೂಗಲ್ ಲೆನ್ಸ್‌ನಲ್ಲಿ ಹುಡುಕಲು ಹೇಳಿ. ಮೊದಲು ಯಾವ ವರ್ಷ, ಯಾವ ಊರಿನಲ್ಲಿ ಪ್ರಕಟವಾಗಿತ್ತು ಎಂದು ಹೆಚ್ಚಿನ ಸಲ ಸಿಗುತ್ತದೆ. ಸಿಕ್ಕಿದ್ದನ್ನು ಅದೇ ಗ್ರೂಪಿಗೆ ಅವರಿಂದಲೇ ಹಾಕಿಸಿ.